ಪೆಟವೇ ಮಹಡಿಯ ನೆಲ

ಹೊಸ ವರ್ಷ ಕಳೆದ ಮೇಲೆ ಕಾರ್ಲಿಸ್ ಟಿಬ್ಸ್ ಎಂಬಾಕೆಯ ಡಬಲ್ ಬಾಸ್ ಎಂಬ ಆಳೆತ್ತರದ ತಂತಿವಾದ್ಯಕ್ಕೆ ಎಲ್ಲಿಂದಲೋ ಒಂದು ದನಿ ಬಂದು ಸೇರಿಕೊಂಡಿತು. ವಾದ್ಯ ಹದಿನೆಂಟು ವರ್ಷಗಳಿಂದ ಅದೇ. ತಂತಿ ಬದಲಾಯಿಸಿರಲಿಲ್ಲ. ಬೆರಳುಗಳೂ ವಾರದ ಐದು ದಿನ ಡೆಟ್ರಾಯಿಟ್‌ನ ಸಿಟಿ ಬಸ್ಸಿನ ಸ್ಟೀರಿಂಗ್ ಹಿಡಿದು ಜಡ್ಡುಗಟ್ಟಿದ ಅವೇ ಬೆರಳುಗಳು. ಆದರೂ ಶನಿವಾರ ಮಧ್ಯಾಹ್ನ ಪೆಟವೇ ಮಹಡಿ ಎಂದು ಕರೆಯುವ ಸಂಗೀತದ ತಾಣದಲ್ಲಿ ಅವಳು ದಪ್ಪ ತಂತಿಯನ್ನು ಒಮ್ಮೆ ಮೀಟಿದರೆ ಸಾಕು, ಮೊದಲ ಸಾಲಿನಲ್ಲಿ ಕೂತವರ ಎದೆಗೂಡಿನೊಳಗೆ ಗುಂಯ್ಯೆನ್ನುತ್ತಿತ್ತು.

"ಬೆಳಗ್ಗೆ ಏನ್ ತಿಂದು ಬರ್ತೀಯೇ ಹುಡುಗಿ? ನನಗೂ ಒಂದ್ ತಟ್ಟೆ ತಂದ್ಕೊಡು," ಎಂದು ಡ್ರಮ್ ಬಾರಿಸುವ ಹೋಸಿಯಾ ಬ್ಯಾಂಕ್‌ಸ್ಟನ್ ರೇಗಿಸಿದ. ಎಂಬತ್ತಕ್ಕೆ ಕಾಲಿಡುತ್ತಿದ್ದ ಮುದುಕ. ಯಾರನ್ನೂ ಸುಮ್ಮಸುಮ್ಮನೆ ಹೊಗಳಿದವನಲ್ಲ. ಕಾರ್ಲಿಸ್ ಒಳಗೊಳಗೇ ಹಿಗ್ಗಿದಳು. ನಲವತ್ತೊಂದು ತುಂಬಿದ ಮೇಲಾದರೂ ಕೈ ಕುದುರಿತಲ್ಲ ಎಂದುಕೊಂಡಳು.

ಆ ಹಿಗ್ಗು ಇಳಿದದ್ದು ಫೆಬ್ರವರಿಯಲ್ಲಿ. ಒಂದು ಭಾನುವಾರ ತನ್ನ ಚರ್ಚಿನಲ್ಲಿ ನುಡಿಸಿದಾಗ ದನಿ ಮೊದಲಿನ ಹಾಗೆ ಒಣಒಣವಾಗಿತ್ತು. ಮನೆಯಲ್ಲಿ ನುಡಿಸಿ ನೋಡಿದಳು, ಅಲ್ಲೂ ಅಷ್ಟೆ. ಮುಂದಿನ ಶನಿವಾರ ಮಹಡಿಗೆ ಬಂದು, ಬಾಸ್‌ನ ಬುಡದ ಕಬ್ಬಿಣದ ಮೊನೆಯನ್ನು ಹಲಗೆಗೆ ಊರಿ ಮೀಟಿದರೆ ಮತ್ತೆ ಅದೇ ತುಂಬು ದನಿ. ಈ ಸಲ ಅವಳು ಕಿವಿ ಬಿಟ್ಟು ಅಂಗಾಲಿನಿಂದ ಕೇಳಿಸಿಕೊಂಡಳು. ಮೊಳಗುತ್ತಿದ್ದದ್ದು ನೆಲ. ತಂತಿಯನ್ನು ಅಂಗೈಯಿಂದ ಒತ್ತಿ ನಿಲ್ಲಿಸಿದ ಮೇಲೂ ಹಲಗೆಗಳು ಒಂದು ಗಳಿಗೆ ನಡುಗುತ್ತಲೇ ಇದ್ದವು.

ಗ್ರಾಷಿಯಟ್ ರಸ್ತೆಯ ಆ ಇಟ್ಟಿಗೆ ಕಟ್ಟಡದ ಕೆಳಗಡೆ ಹಿಂದೆ ಮಂಚ, ಸೋಫಾ ಮಾರುವ ಅಂಗಡಿ ಇತ್ತು. ಅದು ಬಾಗಿಲು ಹಾಕಿ ಹನ್ನೆರಡು ವರ್ಷವಾಗಿತ್ತು. ಕಟ್ಟಡದ ಯಜಮಾನ ಲೂಷಿಯಸ್ ಪೆಟವೇ ಮೇಲಿನ ಮಹಡಿಯಲ್ಲಿ ರೆಕಾರ್ಡ್ ಅಂಗಡಿ ಇಟ್ಟುಕೊಂಡಿದ್ದ. ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಕಾರಿನ ತಗಡು ಒತ್ತುವ ದೊಡ್ಡ ಪ್ರೆಸ್ ನಡೆಸಿ ನಿವೃತ್ತನಾದವನು ಅವನು. ಎಪ್ಪತ್ನಾಲ್ಕು ವರ್ಷ, ಅಗಲ ಹೆಗಲು, ಎರಡೂ ಮೊಣಕಾಲು ಸವೆದಿದ್ದವು. ಮಹಡಿಯ ಎರಡು ಉದ್ದ ಗೋಡೆಗಳಿಗೆ ತಾನೇ ಬೆಸುಗೆ ಹಾಕಿದ ಕಬ್ಬಿಣದ ಕಪಾಟುಗಳನ್ನು ನಿಲ್ಲಿಸಿ, ಹನ್ನೊಂದು ಸಾವಿರ ಜಾಝ್ ರೆಕಾರ್ಡುಗಳನ್ನು ತುಂಬಿದ್ದ. ನಡುವೆ ಮಡಿಸುವ ಕುರ್ಚಿಗಳು, ಒಂದು ಹಳೇ ಪಿಯಾನೋ, ಡ್ರಮ್ ಜಾರದಿರಲು ಒಂದು ಜಮಖಾನ.

ಶನಿವಾರ ಎರಡು ಗಂಟೆಗೆ ಅಲ್ಲಿ ಸಭೆ ಸೇರುತ್ತಿತ್ತು. ಅಂದು ನುಡಿಸುವವರಲ್ಲಿ ಒಬ್ಬರು ತಮಗೆ ಪ್ರಾಣವಾದ ಒಂದು ಆಲ್ಬಂ ತರಬೇಕು. ಅದರ ಒಂದು ಮಗ್ಗುಲನ್ನು ಎಲ್ಲರೂ ಉಸಿರು ಬಿಗಿಹಿಡಿದು ಕೇಳಬೇಕು. ಯಾಕೆ ಅದು ಇಷ್ಟ ಎಂದು ತಂದವರು ಹೇಳಬೇಕು. ಆಮೇಲೆ ಅವರದೇ ಸಂಗೀತ. "ಸತ್ತೋರಿಗೆ ಅರ್ಧ ಗಂಟೆ, ಉಸಿರಾಡೋರಿಗೆ ಉಳಿದದ್ದೆಲ್ಲ," ಎನ್ನುತ್ತಿದ್ದ ಲೂಷಿಯಸ್. ಬಾಗಿಲ ಬಳಿಯ ಟೋಪಿಗೆ ಬಿದ್ದದ್ದೆಲ್ಲ ನುಡಿಸಿದವರಿಗೇ. ಫೋನು ನೋಡುತ್ತ ಕೂತವರನ್ನು ಅವನು ತೋಳು ಹಿಡಿದು ಮೆಟ್ಟಿಲವರೆಗೆ ಕಳಿಸಿಕೊಡುತ್ತಿದ್ದ. ಕಾರ್ಲಿಸ್‌ಗೆ ಸಂಗೀತ ಕಚೇರಿ ಇಲ್ಲದ ಎರಡು ಚಳಿಗಾಲಗಳಲ್ಲಿ ಅವಳನ್ನು ವಾರ ತಪ್ಪದೆ ಕರೆದವನು ಅವನೊಬ್ಬನೇ. ತಾಯಿ ತೀರಿಕೊಂಡಾಗ ದೊಡ್ಡ ಪಾತ್ರೆ ತುಂಬ ಕೊಲಾರ್ಡ್ ಸೊಪ್ಪು ಬೇಯಿಸಿ ತಂದಿಟ್ಟು, ಮಾತಾಡದೆ ಹೋದವನೂ ಅವನೇ.

ನೆಲದ ವಿಷಯ ತಲೆಗೆ ಹೊಕ್ಕ ಮೇಲೆ ಅವಳ ಕಣ್ಣಿಗೆ ಬೇರೆ ಬೇರೆ ಸಂಗತಿ ಬೀಳತೊಡಗಿದವು. ಬಚ್ಚಲಿನ ಬಾಗಿಲು ಚೌಕಟ್ಟಿಗೆ ಕೂರುತ್ತಿರಲಿಲ್ಲ. ಲೂಷಿಯಸ್ ಅದರ ಅಂಚು ಹೆರೆದ, ಎರಡು ವಾರಕ್ಕೆ ಅದು ಮತ್ತೆ ಸಿಕ್ಕಿಕೊಂಡಿತು. ಗೀರಿಲ್ಲದ ರೆಕಾರ್ಡಿನ ಮೇಲೆ ಮುಳ್ಳು ತಾನಾಗಿ ಒಳಕ್ಕೆ ಜಾರತೊಡಗಿತು. ಅವನು ಪ್ಲೇಯರಿನ ಒಂದು ಕಾಲಿನ ಕೆಳಗೆ ಮಡಿಸಿದ ರಟ್ಟು ಇಟ್ಟ. ಅವಳು ಬೇಗ ಬಂದ ಒಂದು ಶನಿವಾರ, ಗೋಡೆಗೂ ಚಾವಣಿಗೂ ನಡುವೆ ಕೂದಲಿನಷ್ಟು ಬಿರುಕು ಬಿಟ್ಟು ಪಿಯಾನೋ ಮುಚ್ಚಳದ ಮೇಲೆ ಬಿಳಿ ಗಾರೆ ಪುಡಿ ಉದುರಿತ್ತು. ಲೂಷಿಯಸ್ ಅಂಗಿಯ ತೋಳಿನಿಂದ ಒರೆಸಿ, "ಹಳೇ ಮನೆ ಅಂದ್ಮೇಲೆ ಉದುರತ್ತೆ. ನನ್ನ ತಲೆಕೂದ್ಲು ಉದುರ್ಲಿಲ್ವಾ?" ಎಂದು ನಕ್ಕ.

ಪಿಯಾನೋ ನುಡಿಸುವ ಜೆರೋಲ್ಡ್‌ಗೆ ಹೇಳಿದಳು. ಇಪ್ಪತ್ತೊಂಬತ್ತರ ಚುರುಕು ಮನುಷ್ಯ, ಮಾತು ಇನ್ನೂ ಚುರುಕು.

"ಅಕ್ಕಾ, ನೆಲ ನಡುಗತ್ತೆ ಅಂತ ಹೇಳಿ ಈ ಜಾಗಾನೂ ಮುಚ್ಚಿಸ್ತೀಯಾ? ಆಮೇಲೆ ಎಲ್ಲಿ ನುಡಿಸೋಣ? ಮೊನ್ನೆ ಹೋಟೆಲ್‌ನಲ್ಲಿ ಒಬ್ಬ ನನ್ನ ಪಿಯಾನೋ ಮೇಲೆ ಕೋಳಿ ಮೂಳೆ ಇಟ್ಟು ಹೋದ."

"ತಮಾಷೆ ಅಲ್ಲ ಕಣೋ. ಕಾಲಿಟ್ಟು ನೋಡು."

"ನಾನು ಪೆಡಲ್ ಮೇಲೆ ಕಾಲಿಡ್ತೀನಿ. ನೆಲ ನಿನ್ನ ಖಾತೆ."

ಅವಳು ನಗರದ ಕಟ್ಟಡ ಕಚೇರಿಗೆ ಫೋನ್ ಮಾಡಿದ್ದೂ ಉಂಟು. ಬಸ್ ನಿಲ್ದಾಣದ ವಿಶ್ರಾಂತಿ ಕೋಣೆಯಲ್ಲಿ ನಿಂತು ಅಂಕಿಗಳನ್ನು ಒತ್ತಿದಳು. ಆ ಕಡೆ ಎರಡು ಸಲ ರಿಂಗಾಯಿತು. ಕಟ್ಟಡ ಮುಚ್ಚಿಸಿ ಬಾಗಿಲಿಗೆ ಮೊಳೆ ಹೊಡೆಯುವ ಕಿತ್ತಳೆ ಬಣ್ಣದ ನೋಟೀಸು ಕಣ್ಣ ಮುಂದೆ ಬಂತು. ಅದರ ಕೆಳಗೆ ಕೈಕಟ್ಟಿ ನಿಂತ ಲೂಷಿಯಸ್ ಕಂಡ. ಫೋನು ಯಾರಾದರೂ ಎತ್ತಿಕೊಳ್ಳುವ ಮೊದಲೇ ಅವಳು ಕಟ್ ಮಾಡಿದಳು.

ಮಾರ್ಚ್ ಎರಡನೇ ಶನಿವಾರ ಹೋಸಿಯಾನ ಎಂಬತ್ತನೇ ಹುಟ್ಟುಹಬ್ಬದ ಸಭೆ ಎಂದು ಗೊತ್ತಾಯಿತು. ಎಂದೂ ನಲವತ್ತು ದಾಟದ ಮಹಡಿಗೆ ತೊಂಬತ್ತು ಜನ ಬರುವವರಿದ್ದರು. ಅದರ ಹಿಂದಿನ ದಿನ, ಶುಕ್ರವಾರ, ಕೆಲಸ ಮುಗಿಸಿದ ಕಾರ್ಲಿಸ್ ಸಮವಸ್ತ್ರದಲ್ಲೇ ಕಟ್ಟಡದ ಹಿಂಬದಿಗೆ ಹೋದಳು. ಮುಚ್ಚಿದ ಅಂಗಡಿಯ ಹಿಂಬಾಗಿಲಿಗೆ ಬೀಗ ಹಾಕಿರಲಿಲ್ಲ. ಬೀಗವಿದ್ದ ಸರಪಳಿ ಪಕ್ಕದಲ್ಲಿ ನೇತಾಡುತ್ತಿತ್ತು.

ಒಳಗೆ ಇಲಿ ಹಿಕ್ಕೆಯ, ತೊಯ್ದ ಮರದ ವಾಸನೆ. ಮುಂಗಡೆಯ ಕೊಳೆ ಗಾಜಿನಿಂದ ಹಗಲ ಬೆಳಕು ಬೀಳುತ್ತಿತ್ತು. ಕೋಣೆಯ ಉದ್ದಕ್ಕೂ ನಡುಮಧ್ಯೆ ಹಾದುಹೋದ ದಪ್ಪ ತೊಲೆ ಒಂದು ಕಡೆ ಕಪ್ಪಗೆ ಒದ್ದೆಯಾಗಿತ್ತು. ಅದರ ಮೇಲೆಯೇ ಬಚ್ಚಲಿನ ಕೊಳವೆ. ಅಂಗಡಿಯ ಹಳೇ ಸ್ಟೂಲು ಹತ್ತಿ ಬೆರಳು ಒತ್ತಿದರೆ, ತೊಲೆಯನ್ನು ಹೊತ್ತ ಕಂಬದ ಬಳಿಯ ಮರ ಹಳಸಿದ ಕೇಕಿನ ಹಾಗೆ ಪುಡಿಪುಡಿಯಾಗಿ ಉದುರಿತು. ತೊಲೆ ಅಲ್ಲಿ ನಾಲ್ಕು ಬೆರಳು ಕೆಳಕ್ಕೆ ಜಗ್ಗಿತ್ತು.

ಆಮೇಲೆ ಅವಳು ಗೋಡೆಯ ಕಡೆ ತಿರುಗಿದಳು. ಎರಡೂ ಗೋಡೆಗಳಿಗೆ ಹತ್ತಿರದಲ್ಲಿ, ಸಾಲಾಗಿ, ಮೇಲಿನ ನೆಲಕ್ಕೆ ಆಸರೆಯಾಗಿ ಹೊಸ ಕಬ್ಬಿಣದ ಜಾಕಿಗಳು ನಿಂತಿದ್ದವು. ಒಂದೊಂದು ಕಡೆ ನಾಲ್ಕು. ಪ್ರತಿಯೊಂದರ ಬುಡಕ್ಕೂ ಓಕ್ ಹಲಗೆಯ ತುಂಡು, ನೆತ್ತಿಗೆ ಉಕ್ಕಿನ ಪಟ್ಟಿ, ಬಿಗಿಸಿದ ಜಾಗಕ್ಕೆ ಗ್ರೀಸು. ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವವನು ಆ ಬೀದಿಯಲ್ಲಿ ಒಬ್ಬನೇ ಇದ್ದ.

"ಕಾಲು ಹುಷಾರು, ಅಲ್ಲಿ ಮೊಳೆ ಇದಾವೆ," ಎಂದಿತು ಬೆನ್ನ ಹಿಂದೆ ದನಿ.

ಲೂಷಿಯಸ್ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಉದ್ದನೆಯ ಸ್ಪ್ಯಾನರು. ಅವನಿಗೆ ಸಿಟ್ಟು ಬಂದಂತಿರಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದದ್ದು.

"ನಿಮಗೆ ಗೊತ್ತಿತ್ತು," ಎಂದಳು ಕಾರ್ಲಿಸ್.

"ನವೆಂಬರ್‌ನಿಂದ ಗೊತ್ತು. ಒಂದೊಂದೇ ತಂದು ನಿಲ್ಲಿಸ್ದೆ. ಮೂವತ್ತೊಂದು ವರ್ಷ ಭಾರದ ಜೊತೆ ಬಾಳಿದೀನಿ ಮಗಳೇ. ಯಾವುದು ಎಷ್ಟು ತಡೆಯುತ್ತೆ ಅಂತ ನನಗೆ ಹೇಳ್ಕೊಡಬೇಡ."

"ಎಲ್ಲಾ ಗೋಡೆ ಪಕ್ಕ ಇದಾವೆ ಅಂಕಲ್."

"ಭಾರ ಇರೋದು ಗೋಡೆ ಪಕ್ಕ ತಾನೆ? ಹನ್ನೊಂದು ಸಾವಿರ ರೆಕಾರ್ಡು. ಲಾರಿ ನಿಲ್ಲಿಸಿದ ಹಾಗೆ."

"ನಡುವೆ ಒಂದೂ ಇಲ್ಲ. ನಡುವೆ ನಾವು ಕೂರ್ತೀವಿ."

ಲೂಷಿಯಸ್ ಮೇಲಕ್ಕೆ ನೋಡಿದ. ಆ ಲೆಕ್ಕವನ್ನು ಮೊದಲ ಸಲ ಕೇಳುತ್ತಿರುವವನಂತೆ ಹುಬ್ಬು ಗಂಟಿಕ್ಕಿದ. "ನೀವು ವಾರಕ್ಕೆ ಮೂರು ಗಂಟೆ ಬಂದು ಹೋಗೋರು," ಎಂದ ಮೆಲ್ಲಗೆ. "ರೆಕಾರ್ಡು ದಿನಾ ಇರುತ್ತೆ."

ಅದರಲ್ಲಿ ಕೆಡುಕೇನೂ ಇರಲಿಲ್ಲ. ಹವೆಯ ಬಗ್ಗೆ ಮಾತಾಡಿದ ಹಾಗೆ ಮಾತಾಡಿದ್ದ.

"ನಾಳೆ ಬೇಡ ಅಂಕಲ್. ಮುಂದಕ್ಕೆ ಹಾಕಿ."

"ಹೋಸಿಯಾಗೆ ಮುಂದಿನ ವರ್ಷ ಎಂಬತ್ತಾಗಲ್ಲ. ಮುಂದಿನ ವರ್ಷ ಇರ್ತಾನೋ ಇಲ್ವೋ. ನಾಳೆ ಒಂದು ದಿನ ಆಗ್ಲಿ. ಸೋಮವಾರ ಬಾಗಿಲು ಹಾಕಿ ತೊಲೆ ಬದಲಾಯಿಸ್ತೀನಿ, ದೇವರಾಣೆ."

"ನಡುವೆ ಜಾಕಿ ಹಾಕದೆ ನಾನು ನುಡಿಸಲ್ಲ."

"ಕಾರಲ್ಲಿ ಎರಡಿವೆ. ಇವತ್ತೇ ಹಾಕ್ತೀನಿ. ಸರಿನಾ?"

ನಾನೂ ಕೈ ಹಾಕುತ್ತೇನೆ ಎಂದಳು. ಸಮವಸ್ತ್ರ ಕೊಳೆಯಾಗುತ್ತದೆ, ಇದು ನನ್ನ ಕೆಲಸ ಎಂದು ಅವನು ಅವಳನ್ನು ಬೀದಿಯವರೆಗೆ ಬಿಟ್ಟು ಹೋದ.

ಮರುದಿನ ಅವಳು ಒಂದು ಗಂಟೆ ಮುಂಚೆಯೇ ಬಂದಳು. ಹಿಂಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಮುಂಗಡೆಯ ಗಾಜಿಗೆ ಒಳಗಿನಿಂದ ಹಳೇ ಪತ್ರಿಕೆ ಅಂಟಿಸಿತ್ತು. ಮೆಟ್ಟಿಲು ಹತ್ತಿ ಕೇಳಿದಳು, "ಹಾಕಿದ್ರಾ?"

"ಹಾಕ್ದೆ, ಹಾಕ್ದೆ," ಎಂದ ಲೂಷಿಯಸ್, ಕುರ್ಚಿಗಳನ್ನು ಬಿಡಿಸುತ್ತ, ಅವಳ ಮುಖ ನೋಡದೆ.

ಎರಡು ಗಂಟೆಗೆ ಮಹಡಿ ತುಂಬಿತು. ಚರ್ಚಿನ ಟೋಪಿ ತೊಟ್ಟ ಹೆಂಗಸರು, ಹಳೇ ಕಾರ್ಖಾನೆಯ ಗೆಳೆಯರು, ಸಂಗೀತ ಶಾಲೆಯ ಮಕ್ಕಳು. ಯಾರೋ ಗೆಣಸಿನ ಪೈ ತಂದರು, ಯಾರೋ ಹುರಿದ ಮೀನು. ಅಂದಿನ ಆಲ್ಬಂ ಹೋಸಿಯಾನದೇ. ಅವನ ಇಪ್ಪತ್ಮೂರನೇ ವಯಸ್ಸಿನಲ್ಲಿ ಇದೇ ಊರಿನ ನಾಲ್ವರು ಗೆಳೆಯರು ಸೇರಿ ಮಾಡಿ, ಇನ್ನೂರೇ ಪ್ರತಿ ಒತ್ತಿಸಿದ ಒಂದು ರೆಕಾರ್ಡು. ಆ ನಾಲ್ವರಲ್ಲಿ ಉಳಿದವನು ಅವನೊಬ್ಬ.

"ಇದು ಒಳ್ಳೇ ಆಲ್ಬಂ ಅಂತ ಇಷ್ಟ ಅಲ್ಲ," ಎಂದ ಹೋಸಿಯಾ ಕುರ್ಚಿಯಲ್ಲಿ ಕೂತೇ. "ಆ ಟ್ರಂಪೆಟ್‌ನವನು ಸುರುವಿಗೇ ಒಂದ್ ತಪ್ಪು ಮಾಡ್ತಾನೆ ನೋಡಿ. ನಾನು ಕಿಸಕ್ ಅಂದದ್ದೂ ಕೇಳ್ಸುತ್ತೆ. ಆ ನಗು ಕೇಳೋಕೆ ಹಾಕ್ಕೋತೀನಿ."

ಜನ ನಕ್ಕರು. ಲೂಷಿಯಸ್ ಮುಳ್ಳು ಇಳಿಸಿದ. ಐವತ್ತೇಳು ವರ್ಷದ ಹಿಂದಿನ ನಗು ಕಿಸಕ್ಕೆಂದಿತು. ಮೂರನೇ ಹಾಡಿನ ನಡುವೆ ಮುಳ್ಳು ಜಾರಿತು. ಲೂಷಿಯಸ್ ಸರಿಮಾಡಿದ. ಮತ್ತೆ ಜಾರಿತು. "ವಯಸ್ಸಾಯ್ತು ಅದಕ್ಕೂ," ಎಂದು ಯಾರೋ ಕೂಗಿದರು. ಕಾರ್ಲಿಸ್ ಪ್ಲೇಯರಿನ ಕಡೆ ನೋಡಲಿಲ್ಲ. ತನ್ನ ಕಾಲಿನ ಪಕ್ಕ ಇಟ್ಟಿದ್ದ ನೀರಿನ ಲೋಟ ನೋಡುತ್ತಿದ್ದಳು. ನೀರು ಒಂದು ಕಡೆಗೆ ವಾಲಿ ನಿಂತಿತ್ತು.

ನುಡಿಸುವ ಸರದಿ ಬಂತು. ಹೋಸಿಯಾ ಜಮಖಾನದ ಮೇಲೆ ಕೂತು ಕೋಲು ಎತ್ತಿಕೊಂಡ. ಜೆರೋಲ್ಡ್ ಮೊದಲ ಸ್ವರಗಳನ್ನು ಚೆಲ್ಲಿದ. ಕಾರ್ಲಿಸ್ ತಂತಿ ಮೀಟಿದಳು. ಆ ದನಿ ಎದ್ದ ಬಗೆಗೆ ಮುಂದಿನ ಸಾಲಿನ ಹೆಂಗಸೊಬ್ಬಳು "ಓ ದೇವರೇ!" ಎಂದು ಸಂತೋಷಕ್ಕೆ ಉದ್ಗರಿಸಿದಳು. ಅಷ್ಟು ದೊಡ್ಡ ದನಿಯನ್ನು ಆ ವಾದ್ಯದಿಂದ ಕಾರ್ಲಿಸ್ ಎಂದೂ ಕೇಳಿರಲಿಲ್ಲ. ತೊಂಬತ್ತು ಜನ ಕಾಲಲ್ಲಿ ತಾಳ ಹಾಕತೊಡಗಿದರು. ನೂರೆಂಬತ್ತು ಕಾಲು ಒಟ್ಟಿಗೆ ಬೀಳುತ್ತಿದ್ದವು, ಒಟ್ಟಿಗೆ ಏಳುತ್ತಿದ್ದವು. ಆಗ ತಾಳಕ್ಕೆ ಸೇರದ ಇನ್ನೊಂದು ಸದ್ದು ಅವಳ ಅಂಗಾಲಿಗೆ ತಾಗಿತು. ಟಕ್. ತುಸು ಬಿಟ್ಟು ಮತ್ತೆ, ಟಕ್.

ಅವಳು ಅಂಗೈಯಿಂದ ತಂತಿ ಒತ್ತಿ ಹಿಡಿದಳು. ಜೆರೋಲ್ಡ್ ಇನ್ನೂ ಎರಡು ಸಾಲು ನುಡಿಸಿ, ತಿರುಗಿ ನೋಡಿ, ನಿಂತ. ಹೋಸಿಯಾನ ಕೋಲುಗಳೂ ನಿಂತವು.

"ಏನಾಯ್ತೇ?" ಎಂದ ಹೋಸಿಯಾ.

"ಯಾರೂ ಅಲುಗಾಡಬೇಡಿ," ಎಂದಳು ಕಾರ್ಲಿಸ್. ಬಸ್ಸಿನಲ್ಲಿ ಜಗಳ ಎದ್ದಾಗ ಬಳಸುವ, ಏರಿಳಿತವಿಲ್ಲದ ದನಿ ಅದು. "ದಯವಿಟ್ಟು ಒಂದು ನಿಮಿಷ ಕೇಳಿ. ಸುಮ್ಮನೆ ಕೇಳಿ."

ಕೇಳುವುದಕ್ಕೆಂದೇ ಬಂದ ಜನ ಅವರು. ಒಬ್ಬರೂ ಕೆಮ್ಮಲಿಲ್ಲ. ಆ ಮೌನದಲ್ಲಿ ನೆಲದ ಕೆಳಗಿನಿಂದ ಟಕ್ ಎಂದಿತು. ಟಕ್. ಟಕ್. ಅದು ಬೇಗಬೇಗ ಬರುತ್ತಿತ್ತು. ಮುಂದಿನ ಸಾಲಿನ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು.

"ನೆಲ ಹೋಗ್ತಾ ಇದೆ," ಎಂದಳು ಕಾರ್ಲಿಸ್. "ಹಿಂದಿನ ಸಾಲಿನೋರು ಮೊದಲು ಏಳಿ. ಗೋಡೆ ಪಕ್ಕಾನೇ ಹೋಗಿ, ನಡುವೆ ಕಾಲಿಡಬೇಡಿ. ಓಡಬೇಡಿ. ಒಬ್ಬರಾದ ಮೇಲೆ ಒಬ್ಬರು."

"ಕಾರ್ಲಿಸ್!" ಲೂಷಿಯಸ್ ಪ್ಲೇಯರಿನ ಬಳಿಯಿಂದ ಗುಡುಗಿದ. "ನನ್ನ ಮನೇಲಿ ನಿಂತು ಏನ್ ಮಾತಾಡ್ತಿದೀಯ? ಕೂತ್ಕೊಳ್ಳಿ ಎಲ್ರೂ! ಮರ ಅಂದ್ಮೇಲೆ ಸದ್ದು ಮಾಡುತ್ತೆ."

ಎದ್ದವರಲ್ಲಿ ಕೆಲವರು ಮತ್ತೆ ಕೂರಲು ಹೋದರು. ಇಪ್ಪತ್ತು ವರ್ಷ ಅವರಿಗೆ ಅನ್ನದಂಥ ಸಂಗೀತ ಕೊಟ್ಟವನ ಮಾತು ಅದು. ಕಾರ್ಲಿಸ್ ಅವನ ಕಡೆ ತಿರುಗಿದಳು.

"ನಡುವೆ ಎರಡು ಹಾಕಿದ್ರಾ ಅಂಕಲ್? ಇವರ ಮುಂದೆ ಹೇಳಿ."

ಲೂಷಿಯಸ್‌ನ ಕಣ್ಣು ಹೋಸಿಯಾನ ಮೇಲೆ ಹೋಗಿ, ಅಲ್ಲಿಂದ ಕೆಳಗಿಳಿದು ಜಮಖಾನದ ಮೇಲೆ ನಿಂತಿತು. ಅಷ್ಟು ಸಾಕಾಯಿತು. ಜನ ಎದ್ದರು.

ಕಪಾಟುಗಳಿಗೆ ಬೆನ್ನು ಒತ್ತಿಕೊಂಡು, ಕೈ ಕೈ ಹಿಡಿದು, ಮಾತಿಲ್ಲದೆ ಅವರು ಮೆಟ್ಟಿಲ ಕಡೆ ಸರಿದರು. ಒಂದು ಮಗು ಅಳತೊಡಗಿದಾಗ ಯಾರೋ ಅದರ ಮುಖವನ್ನು ಕೋಟಿನೊಳಗೆ ಸೇರಿಸಿಕೊಂಡರು. ಹಲಗೆಗಳ ಸಂದಿಯಿಂದ ಗಾರೆ ಪುಡಿ ಹೊಗೆಯಂತೆ ಏಳುತ್ತಿತ್ತು. ಕೊನೆಗೆ ಉಳಿದವನು ಹೋಸಿಯಾ. ಅವನ ಸೊಂಟ ಏಳಗೊಡಲಿಲ್ಲ. ಕಾರ್ಲಿಸ್ ಬಾಸ್ ಅನ್ನು ನೆಲಕ್ಕೆ ಮಲಗಿಸಿ, ಅವನ ಒಂದು ಕಂಕುಳಿಗೆ ಕೈ ಕೊಟ್ಟಳು. ಇನ್ನೊಂದಕ್ಕೆ ಜೆರೋಲ್ಡ್.

"ನನ್ನ ಸಿಂಬಲ್ಲು..." ಎಂದ ಮುದುಕ.

"ಸುಮ್ನಿರಿ ತಾತಾ," ಎಂದ ಜೆರೋಲ್ಡ್.

ಅವರು ಮೆಟ್ಟಿಲಿನ ಮೊದಲ ತಿರುವು ಇಳಿದಿರಬೇಕು. ಮೇಲೆ ದೊಡ್ಡ ಸದ್ದೇನೂ ಮೊದಲು ಕೇಳಲಿಲ್ಲ. ಉದ್ದನೆಯ ನಿಟ್ಟುಸಿರಿನಂತೆ ಒಂದು, ಅದರ ಬೆನ್ನಿಗೇ ಪಿಯಾನೋದ ಎಲ್ಲ ತಂತಿಗಳನ್ನೂ ಒಮ್ಮೆಲೇ ಬಾರಿಸಿದ ಸದ್ದು, ಆಮೇಲೆ ಕಟ್ಟಡದ ಹೊಟ್ಟೆಯೊಳಗೆ ಗುಡುಗು. ಧೂಳು ಮೆಟ್ಟಿಲಿನಿಂದ ನುಗ್ಗಿ ಅವರನ್ನು ಬೀದಿಗೆ ತಳ್ಳಿತು.

"ಲೂಷ್ ಎಲ್ಲಿ?" ಎಂದ ಹೋಸಿಯಾ ರಸ್ತೆಯಲ್ಲಿ ಕುಸಿದು ಕೂತು. ತೊಂಬತ್ತು ಜನರಲ್ಲಿ ಯಾರೂ ಅವನನ್ನು ಕಂಡಿರಲಿಲ್ಲ.

ಅಗ್ನಿಶಾಮಕದವರು ಕಿಟಕಿಗೆ ಏಣಿ ಹಾಕಿದಾಗ ಅವನು ಸಿಕ್ಕಿದ. ಮಹಡಿಯ ನಡುಭಾಗ ಪೂರ್ತಿ ಹೋಗಿತ್ತು. ಪಿಯಾನೋ, ಡ್ರಮ್, ಬಾಸ್, ಕುರ್ಚಿಗಳೆಲ್ಲ ಕೆಳಗಿನ ಕತ್ತಲಲ್ಲಿ ರಾಶಿಯಾಗಿದ್ದವು. ಎರಡು ಗೋಡೆಗಳ ಪಕ್ಕ ಮಾತ್ರ, ಒಂದು ಮಾರು ಅಗಲದ ಅಂಚು, ಎಂಟು ಜಾಕಿಗಳ ಮೇಲೆ ಗಟ್ಟಿಯಾಗಿ ನಿಂತಿತ್ತು. ಒಂದು ರೆಕಾರ್ಡೂ ಅಲ್ಲಾಡಿರಲಿಲ್ಲ. ಲೂಷಿಯಸ್ ಆ ಅಂಚಿನಲ್ಲಿ, ಕಪಾಟಿಗೆ ಬೆನ್ನು ಕೊಟ್ಟು, ಒಂದು ಗೀರೂ ಇಲ್ಲದೆ ನಿಂತಿದ್ದ. ಕೆಳಗಿಳಿಯಲು ಅವನನ್ನು ಒಪ್ಪಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಏಣಿ ಇಳಿದವನು ಯಾರ ಮುಖವನ್ನೂ ನೋಡದೆ, ಕಾರ್ಲಿಸ್‌ಳ ಪಕ್ಕದಲ್ಲಿ ಹಾದುಹೋಗುವಾಗ ಮಾತ್ರ ನಿಂತ.

"ಕಾರಲ್ಲೇ ಇದಾವೆ ಎರಡೂ," ಎಂದ. "ನಿನ್ನೆ ಮಂಡಿ ಊರೋಕೆ ಆಗ್ಲಿಲ್ಲ. ಮೂರು ಸಲ ನೋಡ್ದೆ. ಯಾರನ್ನಾದ್ರೂ ಕರೆಯೋಣ ಅಂದ್ಕೊಂಡೆ. ನಾಚಿಕೆ ಆಯ್ತು."

ಅವಳಿಗೆ ಅವನ ಕೆನ್ನೆಗೆ ಹೊಡೆಯಬೇಕೆನ್ನಿಸಿತು, ಅಪ್ಪಿಕೊಳ್ಳಬೇಕೆಂದೂ ಅನ್ನಿಸಿತು. ಎರಡೂ ಮಾಡಲಿಲ್ಲ. ತಾನು ಕಟ್ ಮಾಡಿದ ಫೋನಿನ ಎರಡು ರಿಂಗು ಕಿವಿಯಲ್ಲಿ ಹೊಡೆಯುತ್ತಿತ್ತು.

ಕಟ್ಟಡವನ್ನು ಆ ತಿಂಗಳೇ ಕೆಡವಿದರು. ರೆಕಾರ್ಡುಗಳು ಲೂಷಿಯಸ್‌ನ ತಂಗಿಯ ಗ್ಯಾರೇಜು ಸೇರಿದವು. ಕಾರ್ಲಿಸ್ ತೊಂಬತ್ತು ಜೀವ ಉಳಿಸಿದಳು ಎಂದರು ಅರ್ಧ ಜನ. ಇನ್ನರ್ಧ ಜನ, ಅವಳ ಕಿವಿಗೆ ಬೀಳುವಷ್ಟು ದೂರದಲ್ಲಿ, ಸುಮ್ಮನೆ ನುಡಿಸಿದ್ದರೆ ನೆಲ ನಿಲ್ಲುತ್ತಿತ್ತೇನೋ, ಎಲ್ಲರೂ ಒಮ್ಮೆಲೇ ಎದ್ದದ್ದೇ ಕೇಡಾಯಿತು ಎಂದರು. ಹಾಗೆಂದವರಲ್ಲಿ ಇಬ್ಬರು ಸಂಗೀತಗಾರರು. ಅವರು ಅವಳನ್ನು ಮತ್ತೆ ಕರೆಯಲಿಲ್ಲ. ಅವರ ಮಾತು ಸುಳ್ಳೆಂದು ಆಣೆ ಹಾಕಲು ಅವಳಿಂದಲೂ ಆಗಲಿಲ್ಲ.

ಮೇ ತಿಂಗಳಲ್ಲಿ ಜೆರೋಲ್ಡ್ ಓಡಾಡಿ, ಅವಳ ಚರ್ಚಿನ ನೆಲಮಾಳಿಗೆಯನ್ನು ಶನಿವಾರಗಳಿಗೆ ಕೇಳಿ ಪಡೆದ. ಮೊದಲ ಸಭೆಗೆ ಮೂವತ್ತು ಜನ ಬಂದರು. ಕೆಳಗೆ ಕಾಂಕ್ರೀಟು, ಅದರ ಕೆಳಗೆ ಮಣ್ಣು. ಆದರೂ ಒಬ್ಬರೂ ನಡುವೆ ಕೂರಲಿಲ್ಲ. ಕುರ್ಚಿಗಳನ್ನು ಎಳೆದುಕೊಂಡು ಗೋಡೆಯ ಉದ್ದಕ್ಕೂ ಕೂತರು. ಎರವಲು ತಂದ ಬಾಸ್ ಹಿಡಿದು ಕಾರ್ಲಿಸ್, ಖಾಲಿ ನೆಲವೊಂದನ್ನು ಎದುರಿಗಿಟ್ಟುಕೊಂಡು ನಿಂತಳು.

ಬಾಗಿಲು ತೆರೆದು ಲೂಷಿಯಸ್ ಒಳಗೆ ಬಂದ. ಕಂಕುಳಲ್ಲಿ ಒಂದೇ ಒಂದು ಆಲ್ಬಂ. ಅವನು ಕೂರಲು ಜಾಗ ಹುಡುಕಿದ. ಅವನು ಹತ್ತಿರ ಬಂದಂತೆ ಗೋಡೆಯ ಪಕ್ಕದವರು ತಮ್ಮ ಚೀಲ, ಕೋಟುಗಳನ್ನು ಖಾಲಿ ಕುರ್ಚಿಗಳ ಮೇಲೆ ಇಡತೊಡಗಿದರು. ಅವನು ಕೋಣೆಯ ನಡುವೆ ನಿಂತುಬಿಟ್ಟ.

ಆಗ ಹೋಸಿಯಾ ಡ್ರಮ್ಮಿನ ಹಿಂದಿನಿಂದ ಎದ್ದ. ಊರುಗೋಲು ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು, ಒಂದು ಕುರ್ಚಿ ಎಳೆದು ತಂದು ನಡುಮಧ್ಯೆ ಹಾಕಿದ.

"ಕೂತ್ಕೋ ಲೂಷ್," ಎಂದ. "ನೀನು ಇಲ್ಲೇ ಕೂರು. ಪ್ರತಿ ವಾರ ಇಲ್ಲೇ."

ಅದು ಕ್ಷಮೆಯೋ ಶಿಕ್ಷೆಯೋ ಎಂದು ಯಾರಿಗೂ ತಿಳಿಯಲಿಲ್ಲ. ಲೂಷಿಯಸ್ ನೋಯುವ ಮೊಣಕಾಲು ಮಡಿಸಿ ಕೂತ. ಆಲ್ಬಮ್ಮನ್ನು ತೊಡೆಯ ಮೇಲೆ ಇಟ್ಟುಕೊಂಡ, ಹಾಕು ಎಂದು ಯಾರಿಗೂ ಕೊಡಲಿಲ್ಲ. ತಲೆ ಎತ್ತಿ ಕಾರ್ಲಿಸ್‌ಳನ್ನು ನೋಡಿದ.

"ನುಡಿಸಮ್ಮ," ಎಂದ. "ಇವತ್ತು ಉಸಿರಾಡೋರೇ ಮೊದಲು."